ಓಡಿ ಬಂದವಳು ಯಾವ ಊರಿನವಳು?

ಪಶ್ಚಿಮ ಲಂಡನ್ನಿನ ಚಿಸ್ವಿಕ್ ಹೈ ರೋಡಿನಲ್ಲಿ ಒಂದು ದೊಡ್ಡ ಮನೆಯಿತ್ತು, ನಂಬರು 369. ಅದರಲ್ಲಿ 36ಕ್ಕಿಂತ ಹೆಚ್ಚು ಜನ ವಾಸ ಮಾಡಕೂಡದೆಂದು ಅಲ್ಲಿನ ಸ್ಥಳೀಯಾಡಳಿತವಾದ ಹೌನ್ಸ್‌ಲೋ ಕೌನ್ಸಿಲ್ ತಾಕೀತು ಮಾಡಿತ್ತು. 1970ರ ದಶಕದ ನಡುವಿನಲ್ಲಿ ಅಧಿಕಾರಿಗಳು ಬಂದು ತಲೆ ಎಣಿಸಿದಾಗ ಲೆಕ್ಕಕ್ಕೆ ಸಿಕ್ಕವರು 75. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದ ಹೆಂಗಸರು ಮತ್ತು ಅವರ ಮಕ್ಕಳು. ಮನೆ ನಡೆಸುತ್ತಿದ್ದ ಎರಿನ್ ಪಿಟ್ಸಿಗೆ ಒಂದೇ ಹಟ: ಬಾಗಿಲು ತಟ್ಟಿದವಳನ್ನು ವಾಪಸು ಕಳಿಸುವುದಿಲ್ಲ. ಕೌನ್ಸಿಲ್ ಮೊಕದ್ದಮೆ ಹೂಡಿತು. ಇವರೆಲ್ಲ ಒಂದೇ ಕುಟುಂಬದಂತೆ ಬಾಳುತ್ತಿದ್ದಾರೆ, ಹಾಗಾಗಿ ಜನದಟ್ಟಣೆಯ ನಿಯಮ ಇಲ್ಲಿಗೆ ಅನ್ವಯಿಸದು ಎಂದು ಪಿಟ್ಸಿ ಪರ ವಕೀಲರು ವಾದಿಸಿದರು. ಅಂದಿನ ಸರ್ವೋಚ್ಚ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ 1977ರಲ್ಲಿ ಆ ವಾದ ತಳ್ಳಿಹಾಕಿತು. ದಿನದಿನಕ್ಕೆ ಬದಲಾಗುವ ಎಪ್ಪತ್ತೈದು ಮಂದಿ ಒಂದು ಸಂಸಾರವಾಗಲಾರರು ಎಂಬುದು ಲಾರ್ಡುಗಳ ಅಭಿಪ್ರಾಯ.

ಇದರಲ್ಲಿ ವಿಚಿತ್ರವೊಂದಿದೆ. 1971ರಲ್ಲಿ ಪಿಟ್ಸಿ ಮತ್ತವರ ಗೆಳತಿಯರಿಗೆ ಬೆಲ್ಮಾಂಟ್ ಟೆರೇಸ್‌ನ ಪಾಳುಬಿದ್ದ ಪುಟ್ಟ ಮನೆಯನ್ನು ನಾಮಮಾತ್ರದ ಬಾಡಿಗೆಗೆ ಕೊಟ್ಟದ್ದೂ ಹೌನ್ಸ್‌ಲೋ ಕೌನ್ಸಿಲ್ಲೇ. ಬೇಸರ ಕಳೆಯಲು ಹೆಂಗಸರು ಸೇರುವ ಜಾಗವೆಂದು ಶುರುವಾದ ಆ ಮನೆಗೆ ಒಬ್ಬಾಕೆ ಮೈತುಂಬ ಬಾಸುಂಡೆ ಹೊತ್ತು ಬಂದಳು, ಉಳಿದುಕೊಂಡಳು, ಹಿಂದೆಯೇ ಇನ್ನೊಬ್ಬಳು. ಆಧುನಿಕ ಅರ್ಥದ ಮೊದಲ 'ರೆಫ್ಯೂಜ್' ಹುಟ್ಟಿದ್ದು ಹೀಗೆ. ಮೂರೇ ವರ್ಷದಲ್ಲಿ, 1974ಕ್ಕೆ, ದೇಶದ ಬೇರೆ ಬೇರೆ ಊರುಗಳ ಆಶ್ರಯ ಮನೆಗಳು ಸೇರಿ ರಾಷ್ಟ್ರೀಯ ವಿಮೆನ್ಸ್ ಏಡ್ ಒಕ್ಕೂಟ ಕಟ್ಟಿಕೊಂಡವು. ಪಿಟ್ಸಿ ಮುಂದೆ ಸ್ತ್ರೀವಾದಿಗಳ ಜೊತೆ ಜಗಳವಾಡಿ ಬೇರೆಯೇ ದಾರಿ ಹಿಡಿದರು; ಆ ಕಥೆ ಇಲ್ಲಿಗೆ ಬೇಡ. ಇಲ್ಲಿಗೆ ಬೇಕಾದದ್ದು ಕೌನ್ಸಿಲ್ಲಿನ ಎರಡು ಮುಖ. ಮನೆ ಕೊಟ್ಟದ್ದೂ ಅದೇ, ಕೋರ್ಟಿಗೆ ಎಳೆದದ್ದೂ ಅದೇ. ಐವತ್ತು ವರ್ಷ ಕಳೆದರೂ ಇಂಗ್ಲೆಂಡಿನಲ್ಲಿ ದೌರ್ಜನ್ಯಕ್ಕೊಳಗಾದ ಹೆಣ್ಣಿಗೆ ಸೂರು ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕೌನ್ಸಿಲ್ ಅಂದು ಯಾವ ಮುಖ ತೋರಿಸುತ್ತದೆ ಎಂಬುದರ ಮೇಲೆಯೇ ನಿಂತಿದೆ.

ಇಂಗ್ಲೆಂಡಿನ ಕೌನ್ಸಿಲ್ ಎಂದರೆ ನಮ್ಮ ಪುರಸಭೆಯಂತೆ ಕಸ, ಬೀದಿದೀಪಕ್ಕೆ ಸೀಮಿತವಾದದ್ದಲ್ಲ. ಮನೆಯಿಲ್ಲದವರಿಗೆ ಮನೆ, ಅನಾಥ ಮಕ್ಕಳ ಪಾಲನೆ, ಮುದುಕರ ಆರೈಕೆ, ಶಾಲೆ ಎಲ್ಲವೂ ಅದರ ಹೆಗಲ ಮೇಲೆ. 1977ರಲ್ಲೇ ಬಂದ ನಿರ್ವಸಿತರ ವಸತಿ ಕಾಯ್ದೆ, ಮನೆಯೊಳಗಿನ ಹಿಂಸೆಗೆ ಹೆದರಿ ಹೊರಬಂದವರನ್ನು 'ಮನೆಯಿಲ್ಲದವರು' ಎಂದೇ ಎಣಿಸಬೇಕೆಂದು ಹೇಳಿತು. ಹೆಸರಿಗೆ ಗಂಡನ ಮನೆ ಇದೆಯಲ್ಲ ಎಂದು ಅಧಿಕಾರಿ ಬಾಗಿಲು ಹಾಕುವಂತಿಲ್ಲ. ಆದರೆ ಹಿಂಸೆ ಎಂದರೇನು ಎಂಬ ತಕರಾರು ಉಳಿಯಿತು. ಹೊಡೆದರೆ ಮಾತ್ರ ಹಿಂಸೆಯೇ?

ಈ ಪ್ರಶ್ನೆಗೆ ಉತ್ತರ ಬಂದದ್ದು 2011ರ ಜನವರಿಯಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟಿನಿಂದ. ಎದುರುವಾದಿ ಮತ್ತೆ ಅದೇ ಹೌನ್ಸ್‌ಲೋ ಕೌನ್ಸಿಲ್. ಇಬ್ಬರು ಪುಟ್ಟ ಮಕ್ಕಳ ತಾಯಿಯೊಬ್ಬಳು ಗಂಡನ ಮನೆ ಬಿಟ್ಟು ಬಂದು ಆಸರೆ ಕೇಳಿದ್ದಳು. ಅವನು ಒಂದು ದಿನವೂ ಕೈ ಎತ್ತಿರಲಿಲ್ಲ. ಮಕ್ಕಳೆದುರು ಅರಚುತ್ತಿದ್ದ, ಮನೆ ಖರ್ಚಿಗೆ ಕಾಸು ಕೊಡುತ್ತಿರಲಿಲ್ಲ, ಮಕ್ಕಳನ್ನು ಕಸಿದುಕೊಂಡಾನೆಂಬ ಭಯ ಅವಳಿಗಿತ್ತು. ಹೊಡೆದಿಲ್ಲ, ಹೊಡೆಯುತ್ತೇನೆಂದು ಹೆದರಿಸಿಯೂ ಇಲ್ಲ, ಹಾಗಾದರೆ ಇದು ಹಿಂಸೆಯಲ್ಲ ಎಂದು ಕೌನ್ಸಿಲ್ ಅರ್ಜಿ ತಿರಸ್ಕರಿಸಿತು. ಕೆಳಗಿನ ನ್ಯಾಯಾಲಯಗಳು ಹೂಂಗುಟ್ಟಿದವು. ಸುಪ್ರೀಂ ಕೋರ್ಟಿನಲ್ಲಿ ಲೇಡಿ ಹೇಲ್ ಬರೆದ ತೀರ್ಪು ಅದನ್ನು ಬುಡಮೇಲು ಮಾಡಿತು. ಮಾನಸಿಕ ಹಿಂಸೆಯೂ, ಹಣದ ಹಿಡಿತವೂ ಹಿಂಸೆಯೇ. ನಾಲ್ಕು ವರ್ಷದ ಬಳಿಕ, 2015ರಲ್ಲಿ, ಸಂಗಾತಿಯನ್ನು ಹಿಡಿತದಲ್ಲಿಟ್ಟುಕೊಂಡು ಬೆದರಿಸಿ ಬಾಳಿಸುವುದೇ ಪ್ರತ್ಯೇಕ ಅಪರಾಧವಾಯಿತು.

ಹಕ್ಕು ಒಂದೊಂದಾಗಿ ಬೆಳೆಯಿತು ಎನ್ನೋಣ. ಹಣ?

ಆಶ್ರಯ ಮನೆಗೆ ಎರಡು ಬಗೆಯ ಖರ್ಚು. ಒಂದು, ಕಟ್ಟಡದ ಬಾಡಿಗೆ, ಕರೆಂಟು, ರಿಪೇರಿ. ಇದು ಬರುವುದು ಅಲ್ಲಿರುವ ಹೆಂಗಸಿನ ಹೆಸರಿನಲ್ಲಿ ಸರ್ಕಾರ ಕೊಡುವ ವಸತಿ ಭತ್ಯೆಯಿಂದ. ಎರಡನೆಯದು ಮನುಷ್ಯರ ಖರ್ಚು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು, ಕೋರ್ಟಿಗೆ ಜೊತೆ ಹೋಗುವವರು, ಮಾತು ಬಿಟ್ಟ ಮಗುವಿನ ಪಕ್ಕ ಕೂರುವವರು, ಅರ್ಜಿ ತುಂಬಿಕೊಡುವವರು. ಈ ಎರಡನೆಯ ಖರ್ಚಿಗೆ ಕೌನ್ಸಿಲ್ಲಿನ ಅನುದಾನವೇ ಆಧಾರ. ಸುರಕ್ಷಿತ ವಸತಿಯ ಬಗ್ಗೆ ಮಾತಾಡುವವರು ಕೋಣೆಗಳನ್ನು ಎಣಿಸುತ್ತಾರೆ; ಆದರೆ ಅನುದಾನ ನಿಂತಾಗ ಮೊದಲು ಕರಗುವುದು ಕೋಣೆಯಲ್ಲ, ಈ ಜನ. ಇವರಿಲ್ಲದ ಆಶ್ರಯ ಮನೆ ವಿಳಾಸ ಗುಟ್ಟಾಗಿರುವ ಲಾಡ್ಜು, ಅಷ್ಟೇ.

2003ರಲ್ಲಿ 'ಸಪೋರ್ಟಿಂಗ್ ಪೀಪಲ್' ಎಂಬ ಯೋಜನೆಯಡಿ ಕೇಂದ್ರ ಸರ್ಕಾರ ಸುಮಾರು 180 ಕೋಟಿ ಪೌಂಡ್ ತೆಗೆದಿಟ್ಟಿತು. ವೃದ್ಧರು, ಅಂಗವಿಕಲರು, ವ್ಯಸನದಿಂದ ಹೊರಬರುವವರು, ದೌರ್ಜನ್ಯದಿಂದ ಪಾರಾದವರು ಹೀಗೆ ಆಸರೆ ಬೇಕಾದ ಎಲ್ಲರಿಗೂ ಸೇರಿದ ಹಣ ಅದು. ಕೌನ್ಸಿಲ್ಲುಗಳು ಅದನ್ನು ಬೇರೆಡೆ ಮುಟ್ಟುವಂತಿರಲಿಲ್ಲ. 2009ರಲ್ಲಿ ಆ ಬೇಲಿ ಕಿತ್ತುಹಾಕಿದರು. ನಿಮ್ಮೂರಿನ ಅಗತ್ಯ ನಿಮಗೇ ಗೊತ್ತು, ಬೇಕಾದಂತೆ ಖರ್ಚು ಮಾಡಿಕೊಳ್ಳಿ ಎಂದರು. ಸ್ಥಳೀಯ ಸ್ವಾತಂತ್ರ್ಯ! ಮರುವರ್ಷವೇ ಬಂದ ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಕೌನ್ಸಿಲ್ಲುಗಳಿಗೆ ಬರುವ ಹಣವನ್ನೇ ಕತ್ತರಿಸತೊಡಗಿತು. ಬೇಲಿಯಿಲ್ಲದ ಹೊಲ, ಮೇವಿಲ್ಲದ ವರ್ಷ. ಕಾನೂನು ಕಡ್ಡಾಯ ಮಾಡಿದ ಮಕ್ಕಳ ಮತ್ತು ಮುದುಕರ ಆರೈಕೆಯನ್ನು ಮುಟ್ಟುವಂತಿಲ್ಲ. ಆಶ್ರಯ ಮನೆಯ ಸಹಾಯಧನ ಆಗ ಕಡ್ಡಾಯವಾಗಿರಲಿಲ್ಲ. ಕತ್ತರಿ ಎಲ್ಲಿ ಬಿತ್ತೆಂದು ಹೇಳಬೇಕಿಲ್ಲ. ಈಶಾನ್ಯ ಇಂಗ್ಲೆಂಡಿನ ಸಂಡರ್‌ಲೆಂಡ್ ನಗರದಲ್ಲಿ 'ವೇರ್‌ಸೈಡ್ ವಿಮೆನ್ ಇನ್ ನೀಡ್' ಸಂಸ್ಥೆಯ ಆಶ್ರಯ ಮನೆಗಳಿಗೆ ಕೊಡುತ್ತಿದ್ದ ಹಣವನ್ನೇ ನಿಲ್ಲಿಸುವ ಪ್ರಸ್ತಾವ 2017ರ ಹೊತ್ತಿಗೆ ಎದ್ದು, ಒಂದು ದೊಡ್ಡ ನಗರವೇ ಆಶ್ರಯ ಮನೆಯಿಲ್ಲದೆ ಉಳಿದೀತೆಂಬ ಆತಂಕ ಸುದ್ದಿಯಾಯಿತು. ಅದೇ ವರ್ಷ ಸರ್ಕಾರ, ಬಾಡಿಗೆಯ ಭತ್ಯೆಯನ್ನೂ ಆಶ್ರಯ ಮನೆಗಳಿಂದ ಬಿಡಿಸಿ ಕೌನ್ಸಿಲ್ಲುಗಳ ಅನುದಾನಕ್ಕೆ ಸೇರಿಸುವ ಯೋಚನೆ ಮಾಡಿತು. ಇದ್ದ ಒಂದು ಕಾಲನ್ನೂ ಮುರಿಯಬೇಡಿ ಎಂದು ಸಂಘಟನೆಗಳು ಕೂಗೆಬ್ಬಿಸಿದವು. 2018ರ ಆಗಸ್ಟಿನಲ್ಲಿ ಸರ್ಕಾರ ಆ ಯೋಚನೆ ಕೈಬಿಟ್ಟಿತು.

ಇಷ್ಟೆಲ್ಲ ಆದ ಮೇಲೆ ಬಂದದ್ದು 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಆ ವರ್ಷದ ಏಪ್ರಿಲ್ 29ರಂದು ರಾಣಿಯ ಅಂಕಿತ ಬಿತ್ತು. ಅದರ ನಾಲ್ಕನೆಯ ಭಾಗ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದು. ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಬೇರೆ ಏರ್ಪಾಡು. ಸುರಕ್ಷಿತ ವಸತಿಯಲ್ಲಿರುವ ಸಂತ್ರಸ್ತರಿಗೆ ಮತ್ತು ಮಕ್ಕಳಿಗೆ ನೆರವು ಒದಗಿಸುವುದು ಮೇಲ್ಹಂತದ ಕೌನ್ಸಿಲ್ಲುಗಳ ಕಾನೂನುಬದ್ಧ ಕರ್ತವ್ಯ ಎಂದು ಅದು ಮೊದಲ ಬಾರಿಗೆ ಸಾರಿತು. ಪೊಲೀಸರು, ಆರೋಗ್ಯ ಇಲಾಖೆ, ಸ್ವಯಂಸೇವಾ ಸಂಸ್ಥೆಗಳು, ಸಂತ್ರಸ್ತರ ಪ್ರತಿನಿಧಿಗಳು ಕೂಡಿದ ಮಂಡಳಿಯೊಂದನ್ನು ರಚಿಸಬೇಕು. ಊರಿನ ಅಗತ್ಯ ಎಷ್ಟೆಂದು ಅಳೆಯಬೇಕು, ಕಾರ್ಯಯೋಜನೆ ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಸಚಿವರಿಗೆ ವರದಿ ಒಪ್ಪಿಸಬೇಕು. ಕೆಳಹಂತದ ಜಿಲ್ಲಾ ಕೌನ್ಸಿಲ್ಲುಗಳು ಸಹಕರಿಸಬೇಕು. ಸುರಕ್ಷಿತ ವಸತಿ ಎಂದರೆ ಬರೀ ರೆಫ್ಯೂಜ್ ಅಲ್ಲ. ಒಂಟಿಯಾಗಿ ಬೇರೆ ಬೇರೆ ಕಡೆ ಇರುವ ಫ್ಲ್ಯಾಟುಗಳು ಅದರಲ್ಲಿ ಸೇರುತ್ತವೆ, ರೆಫ್ಯೂಜಿನಿಂದ ಹೊರಟವರು ತಂಗುವ ಎರಡನೆಯ ಹಂತದ ಮನೆಗಳೂ ಸೇರುತ್ತವೆ. ಅವಳು ತನ್ನ ಮನೆಯಲ್ಲೇ ಉಳಿಯಬಯಸಿದರೆ ಬೀಗ ಬದಲಿಸಿ, ಬಾಗಿಲು ಗಟ್ಟಿಮಾಡಿಕೊಡುವ 'ಸ್ಯಾಂಕ್ಚುರಿ' ಏರ್ಪಾಡಿಗೂ ಈ ಹಣ ಬಳಸಬಹುದು. ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಹೋಟೆಲ್ ಕೋಣೆಯನ್ನು ಮಾತ್ರ ಸುರಕ್ಷಿತ ವಸತಿಯೆಂದು ಲೆಕ್ಕ ತೋರಿಸುವಂತಿಲ್ಲ. ಈ ಒಂದು ನಿಷೇಧಕ್ಕಾಗಿಯೇ ಕಾನೂನು ಬರೆದವರ ಬೆನ್ನು ತಟ್ಟಬೇಕು. ಮಕ್ಕಳನ್ನು ಕಟ್ಟಿಕೊಂಡು ಅಪರಿಚಿತರ ನಡುವೆ ಒಂದೇ ಹಾಸಿಗೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳೆದವರು ಎಷ್ಟೋ ಜನ.

ಅದೇ ಕಾಯ್ದೆ ಇನ್ನೊಂದು ಹಳೆಯ ಮುಳ್ಳನ್ನೂ ಕಿತ್ತಿತು. ಅಲ್ಲಿಯವರೆಗೆ, ಮಕ್ಕಳಿಲ್ಲದ ಹೆಣ್ಣು ಕೌನ್ಸಿಲ್ಲಿನ ಮನೆಗೆ ಆದ್ಯತೆ ಕೇಳಬೇಕಾದರೆ ದೌರ್ಜನ್ಯ ನಡೆದದ್ದನ್ನು ಹೇಳಿದರಷ್ಟೇ ಸಾಲುತ್ತಿರಲಿಲ್ಲ. ಅದರಿಂದಾಗಿ ತಾನು ಬೇರೆಯವರಿಗಿಂತ ದುರ್ಬಲಳಾಗಿದ್ದೇನೆಂದೂ ಸಾಬೀತುಪಡಿಸಬೇಕಿತ್ತು. ಧೈರ್ಯ ಮಾಡಿ ಹೊರಬಂದವಳು ಅಧೈರ್ಯದ ಪ್ರಮಾಣಪತ್ರ ತರಬೇಕಾದ ಆ ಪದ್ಧತಿ 2021ಕ್ಕೆ ಮುಗಿಯಿತು.

ಹಣದ ಲೆಕ್ಕ ಹೀಗಿದೆ. ಹೊಸ ಕರ್ತವ್ಯಕ್ಕಾಗಿ 2021-22ರಲ್ಲಿ 12.5 ಕೋಟಿ ಪೌಂಡ್ ಕೊಟ್ಟರು. 2025-26ರಲ್ಲಿ ಅದನ್ನು 16 ಕೋಟಿ ಪೌಂಡಿಗೆ ಏರಿಸಿದರು. ರೂಪಾಯಿಯಲ್ಲಿ ಒಂದೂವರೆ ಸಾವಿರ ಕೋಟಿಗೂ ಮಿಕ್ಕ ಮೊತ್ತ, ಕೇಳಲು ದೊಡ್ಡದು. ವಿಮೆನ್ಸ್ ಏಡ್ ಹಾಕಿಕೊಟ್ಟ ಲೆಕ್ಕದಲ್ಲಿ ಇಂಗ್ಲೆಂಡಿಗೆ ವರ್ಷಕ್ಕೆ ಕನಿಷ್ಠ 42.7 ಕೋಟಿ ಪೌಂಡ್ ಬೇಕಿತ್ತು: ಆಶ್ರಯ ಮನೆಗಳಿಗೆ 18.9 ಕೋಟಿ, ಮನೆಯಲ್ಲೇ ಇರುವವರಿಗೆ ನೆರವಾಗುವ ಸೇವೆಗಳಿಗೆ 23.8 ಕೋಟಿ. ಅದೂ ಹಿಂದಿನ ಬೆಲೆಗಳಲ್ಲಿ. ಆಶ್ರಯ ಕೋರಿ ಬರುವ ಪ್ರತಿ ಐದು ಶಿಫಾರಸುಗಳಲ್ಲಿ ಸುಮಾರು ಮೂರನ್ನು ಈಗಲೂ ವಾಪಸು ಕಳಿಸಲಾಗುತ್ತಿದೆ. ಜಾಗವಿಲ್ಲ ಎಂಬುದು ದೊಡ್ಡ ಕಾರಣ. ಬೆಳೆದ ಗಂಡುಮಗನಿದ್ದಾನೆ, ಮಕ್ಕಳು ಹೆಚ್ಚು, ಗಾಲಿಕುರ್ಚಿಗೆ ಹೊಂದುವ ಕೋಣೆಯಿಲ್ಲ, ವೀಸಾ ಸರಿಯಿಲ್ಲ ಎಂಬಂಥ ಕಾರಣಗಳೂ ಇವೆ.

ಈ ಕೊರತೆಗಿಂತ ದೊಡ್ಡದು, ನನ್ನ ಮಟ್ಟಿಗೆ, ಇಡೀ ವ್ಯವಸ್ಥೆಯ ಬುಡದಲ್ಲೇ ಇರುವ ಅಸಂಗತಿ. ಪ್ರಾಣಭಯದಿಂದ ಓಡುವವಳು ಪಕ್ಕದ ಬೀದಿಗೆ ಓಡುವುದಿಲ್ಲ. ಅವನು ಹುಡುಕಲಾರದ ಊರಿಗೆ ಹೋಗುತ್ತಾಳೆ. ಇಂಗ್ಲೆಂಡಿನ ಆಶ್ರಯ ಮನೆಗಳಲ್ಲಿರುವ ಮೂರರಲ್ಲಿ ಎರಡು ಪಾಲು ಹೆಂಗಸರು ಬೇರೆ ಕೌನ್ಸಿಲ್ಲಿನ ಗಡಿಯಿಂದ ಬಂದವರು ಎಂದು ವಿಮೆನ್ಸ್ ಏಡ್‌ನ ಅಂಕಿಅಂಶ ಹೇಳಿದ್ದುಂಟು. ಅಂದರೆ ಒಂದು ಊರಿನ ಕೌನ್ಸಿಲ್ ದುಡ್ಡು ಹಾಕಿ ಸಾಕುವುದು ಬಹುಪಾಲು ಪರಊರಿನವರನ್ನು. ಅದರ ಊರಿನ ಹೆಣ್ಣುಮಕ್ಕಳು ಜೀವ ಉಳಿಸಿಕೊಳ್ಳುವುದು ಇನ್ನೆಲ್ಲೋ. ಬಜೆಟ್ ಸಭೆಯಲ್ಲಿ ಕೂತ ಸದಸ್ಯನಿಗೆ ಇದು ನಷ್ಟದ ಬಾಬತ್ತಾಗಿ ಕಾಣುವುದು ಸಹಜ. ನಮ್ಮ ತೆರಿಗೆ, ಅವರ ಹೆಂಗಸರು. ಕೆಲವು ಕೌನ್ಸಿಲ್ಲುಗಳು ಆಶ್ರಯ ಮನೆಗಳ ಒಪ್ಪಂದದಲ್ಲೇ ಇಷ್ಟು ಕೋಣೆ ಸ್ಥಳೀಯರಿಗೆ ಎಂದು ಬರೆಸಿದ್ದವು. ಸ್ಥಳೀಯರಿಗೆ ಮೀಸಲಾದ ಆಶ್ರಯ ಮನೆಯೆಂದರೆ ಅವಳನ್ನು ಹುಡುಕುತ್ತಿರುವವನಿಗೆ ಅರ್ಧ ವಿಳಾಸ ಕೊಟ್ಟ ಹಾಗೆ. 2021ರ ಕಾಯ್ದೆಯ ಮಾರ್ಗಸೂಚಿ ಇಂಥ ಷರತ್ತು ಬೇಡವೆಂದಿದೆ. ಕೌನ್ಸಿಲ್ ಮನೆಗೆ ಅರ್ಜಿ ಹಾಕುವಾಗ ಈ ಊರಿನೊಡನೆ ನಿನ್ನ ನಂಟೇನು ಎಂದು ಸಂತ್ರಸ್ತರನ್ನು ಕೇಳುವಂತಿಲ್ಲ ಎಂಬ ನಿಯಮ ಜಾರಿಗೆ ಬರಲು 2025ರ ಜುಲೈ ಆಗಬೇಕಾಯಿತು.

ಲಂಡನ್ನಿನಲ್ಲಿ ಮಾತ್ರ ಕಾಯ್ದೆ ಜಾಣತನ ತೋರಿಸಿದೆ. ಅಲ್ಲಿ ಈ ಕರ್ತವ್ಯವನ್ನು ಒಂದೊಂದು ಬರೋ ಕೌನ್ಸಿಲ್ಲಿಗೆ ಹಂಚದೆ, ಮೇಯರ್ ನೇತೃತ್ವದ ಗ್ರೇಟರ್ ಲಂಡನ್ ಅಥಾರಿಟಿಗೆ ವಹಿಸಿದ್ದಾರೆ. ಹೌನ್ಸ್‌ಲೋದಲ್ಲಿ ಹೊಡೆತ ತಿಂದವಳು ಹ್ಯಾಕ್ನಿಯಲ್ಲಿ ಬಚ್ಚಿಟ್ಟುಕೊಂಡರೆ ಎರಡೂ ಒಂದೇ ಖಾತೆ. ಉಳಿದ ದೇಶಕ್ಕೂ ಇದನ್ನೇ ಏಕೆ ಮಾಡಬಾರದು? ಓಡುವ ಹೆಣ್ಣಿಗೆ ಗಡಿಯಿಲ್ಲ. ಅವಳಿಗೆ ಕೊಡುವ ಹಣಕ್ಕೆ ಗಡಿ ಹಾಕಿದರೆ ಕಾಯ್ದೆ ಎಷ್ಟೇ ಚಂದವಿದ್ದರೂ ಅರ್ಧ ಕೆಲಸವೇ. ಆಶ್ರಯ ಮನೆಗಳ ಜಾಲಕ್ಕೆ ದೇಶದ ಬೊಕ್ಕಸದಿಂದ ನೇರವಾಗಿ, ದೀರ್ಘಕಾಲಕ್ಕೆ ಹಣ ಬರಬೇಕು. ಸ್ಥಳೀಯಾಡಳಿತದ ಪರವಾಗಿ ಸದಾ ವಾದಿಸುವ ನನ್ನಂಥವರಿಗೂ ಇಲ್ಲಿ ಬೇರೆ ದಾರಿ ಕಾಣುವುದಿಲ್ಲ. 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಂಥ ಮಹಾನಗರದ ಕೌನ್ಸಿಲ್ಲೇ ಖರ್ಚು ನಿಭಾಯಿಸಲಾರೆನೆಂದು ಕೈ ಎತ್ತಿತಲ್ಲ!

ಹಣ ಬಂದರೂ ಅದು ಯಾರ ಕೈ ಸೇರುತ್ತದೆ ಎಂಬುದು ಇನ್ನೊಂದು ಗೋಜಲು. ಕೌನ್ಸಿಲ್ಲುಗಳು ಸೇವೆಯನ್ನು ಟೆಂಡರ್ ಕರೆದು ಕೊಡುತ್ತವೆ, ಎರಡು ಮೂರು ವರ್ಷದ ಗುತ್ತಿಗೆಗೆ. ಟೆಂಡರ್ ಅರ್ಜಿ ಬರೆಯಲೆಂದೇ ಸಿಬ್ಬಂದಿ ಇಟ್ಟುಕೊಂಡ ದೊಡ್ಡ ವಸತಿ ಸಂಸ್ಥೆಗಳು ಗೆಲ್ಲುತ್ತವೆ. ಪಂಜಾಬಿ, ಸೋಮಾಲಿ, ಬಂಗಾಳಿ ಬಲ್ಲ, ನಾಲ್ಕು ಜನರ ಪುಟ್ಟ ಸಂಸ್ಥೆ ಹಿಂದೆ ಬೀಳುತ್ತದೆ. ಈ ಜಗಳದ ಅತ್ಯಂತ ಪ್ರಸಿದ್ಧ ಅಧ್ಯಾಯ ನಡೆದದ್ದು ಲಂಡನ್ನಿನ ಸೌತಾಲ್‌ನಲ್ಲಿ. 1979ರಲ್ಲಿ ಹುಟ್ಟಿದ 'ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್' ಸಂಸ್ಥೆಯನ್ನು ಇಲ್ಲಿನ ಓದುಗರಲ್ಲಿ ಕೆಲವರು ಐಶ್ವರ್ಯಾ ರೈ ನಟಿಸಿದ 'ಪ್ರೊವೋಕ್ಡ್' ಚಿತ್ರದಿಂದ ಬಲ್ಲರು. ಗಂಡನನ್ನು ಕೊಂದು ಜೀವಾವಧಿ ಶಿಕ್ಷೆಗೊಳಗಾದ ಕಿರಣ್‌ಜೀತ್ ಅಹ್ಲುವಾಲಿಯಾ 1992ರಲ್ಲಿ ಬಿಡುಗಡೆಯಾಗುವಂತೆ ಹೋರಾಡಿದವರು ಇವರೇ. ಈ ಸಂಸ್ಥೆಗೆ ಹಣ ಕೊಡುತ್ತಿದ್ದ ಈಲಿಂಗ್ ಕೌನ್ಸಿಲ್, ಇನ್ನು ಮುಂದೆ ಎಲ್ಲ ಹೆಂಗಸರಿಗೂ ಸೇರಿ ಒಂದೇ ಸೇವೆಗೆ ಹಣ ಎಂದು ತೀರ್ಮಾನಿಸಿತು. ಕಪ್ಪು ಮತ್ತು ಏಷ್ಯನ್ ಹೆಂಗಸರಿಗೆಂದೇ ಇರುವ ಸಂಸ್ಥೆ ಸಮಾನತೆಗೆ, ಸಮುದಾಯಗಳ ಒಗ್ಗಟ್ಟಿಗೆ ವಿರುದ್ಧವೆಂಬುದು ಅದರ ತರ್ಕ. 2008ರ ಜುಲೈನಲ್ಲಿ ಲಂಡನ್ ಹೈಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಕೌನ್ಸಿಲ್ ಸೋಲೊಪ್ಪಿ ನಿರ್ಧಾರ ಹಿಂತೆಗೆದುಕೊಂಡಿತು. ಆದರೂ ನ್ಯಾಯಮೂರ್ತಿ ಮೋಸೆಸ್ ತೀರ್ಪು ಬರೆದೇ ಬರೆದರು: ವಿಶೇಷ ಸೇವೆಗೂ ಸಮಾನತೆಗೂ ವೈರವಿಲ್ಲ, ಕೆಲವೊಮ್ಮೆ ಸಮಾನತೆಗೆ ವಿಶೇಷ ಸೇವೆಯೇ ಬೇಕು. ತೀರ್ಪು ಹಳತಾಯಿತು, ಸಮಸ್ಯೆ ಹಾಗೇ ಇದೆ. ಕೌಟುಂಬಿಕ ದೌರ್ಜನ್ಯ ಆಯುಕ್ತೆ ನಿಕೋಲ್ ಜೇಕಬ್ಸ್ 2022ರಲ್ಲಿ ಪ್ರಕಟಿಸಿದ ಸಮೀಕ್ಷೆ, ನೆರವು ಸಿಗುವುದು ಬಿಡುವುದು ಬದುಕುವ ಊರಿನ ಮೇಲೆ ನಿಂತಿದೆಯೆಂದೂ, ಅಲ್ಪಸಂಖ್ಯಾತರೇ ನಡೆಸುವ ಸೇವೆಗಳು ಸರ್ಕಾರಿ ಹಣದಿಂದ ಹೆಚ್ಚು ದೂರವೆಂದೂ ಹೇಳಿತು.

ಕಾಯ್ದೆ ಬಿಟ್ಟ ದೊಡ್ಡ ಕಂದಕ ಮತ್ತೊಂದು. ಕರ್ತವ್ಯ ಇರುವುದು 'ವಸತಿ'ಯಲ್ಲಿರುವವರಿಗೆ. ನೆರವು ಬೇಕಾದವರಲ್ಲಿ ಹೆಚ್ಚಿನವರು ಮನೆ ಬಿಡುವುದಿಲ್ಲ, ಬಿಡಲಾರರು. ಅವರ ಜೊತೆ ಕೆಲಸ ಮಾಡುವ ಸಲಹೆಗಾರರಿಗೆ ಕೌನ್ಸಿಲ್ ಹಣ ಕೊಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. 2024ರ ಸಂತ್ರಸ್ತರ ಮತ್ತು ಕೈದಿಗಳ ಕಾಯ್ದೆ, ಪೊಲೀಸ್ ಆಯುಕ್ತರು, ಆರೋಗ್ಯ ಮಂಡಳಿ, ಕೌನ್ಸಿಲ್ಲುಗಳು ಒಟ್ಟಿಗೆ ಕೂತು ಯೋಜನೆ ಮಾಡಿ ಎಂದಿತು. ಕೂರುವುದಕ್ಕೆ ಹೇಳಿತೇ ಹೊರತು ಕಾಸು ಕೊಡಲಿಲ್ಲ.

ಇದೆಲ್ಲ ನಮಗೇಕೆ ಎನ್ನುವಿರಾದರೆ, ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್‌ಗಳಲ್ಲಿ ಈಗ ಕನ್ನಡದ ಮನೆಗಳಿವೆ. ಐಟಿ ಕೆಲಸದ ಗಂಡನ ಹಿಂದೆ ಅವಲಂಬಿತ ವೀಸಾದಲ್ಲಿ ಹೋದ ಹೆಣ್ಣುಮಕ್ಕಳಿದ್ದಾರೆ, ನರ್ಸ್ ಆಗಿ ಹೋದವರಿದ್ದಾರೆ. ಇಲ್ಲಾದರೆ ಜಗಳವಾದ ರಾತ್ರಿ ಬಸ್ಸು ಹತ್ತಿ ತವರಿಗೆ ಹೋಗಬಹುದು, ತವರು ಇಟ್ಟುಕೊಳ್ಳುತ್ತದೋ ಬಿಡುತ್ತದೋ ಅದು ಬೇರೆ ಮಾತು. ಅಲ್ಲಿ ಹೋಗಲು ಇರುವುದು ಈ ಆಶ್ರಯ ಮನೆ ಒಂದೇ. ಅವಳ ವೀಸಾ ಮೇಲೆ 'ಸಾರ್ವಜನಿಕ ನಿಧಿಗೆ ಅವಕಾಶವಿಲ್ಲ' ಎಂಬ ಷರತ್ತು ಇರುತ್ತದೆ. ಅಂದರೆ ವಸತಿ ಭತ್ಯೆ ಇಲ್ಲ. ಭತ್ಯೆಯಿಲ್ಲದವಳ ಬಾಡಿಗೆ ಯಾರು ಕೊಡಬೇಕು ಎಂದು ಆಶ್ರಯ ಮನೆ ಕೇಳುತ್ತದೆ. ಕೌನ್ಸಿಲ್ಲಿನ ಅನುದಾನ ನೆರವಿಗೆ ಇರುವುದು, ಬಾಡಿಗೆಗಲ್ಲ. ದುಡಿಯುವ ಹೆಣ್ಣಿಗೆ ಇನ್ನೊಂದು ಪೇಚು: ಆಶ್ರಯ ಮನೆಯ ಬಾಡಿಗೆ ವಾರಕ್ಕೆ ನೂರಾರು ಪೌಂಡ್, ಸಂಬಳ ಬರುವವಳು ಕೈಯಿಂದ ಕಟ್ಟಬೇಕು. ಭತ್ಯೆಗೆ ಅರ್ಹಳಾದವಳು ನೌಕರಿ ಬಿಟ್ಟರೆ ಆಶ್ರಯ ಅಗ್ಗ, ಕೆಲಸದ ವೀಸಾದವಳು ನೌಕರಿ ಬಿಟ್ಟರೆ ವೀಸಾ ಖೋತಾ.

ಬ್ರಿಟಿಷ್ ಪೌರನ ಅಥವಾ ಅಲ್ಲೇ ನೆಲೆಸಲು ಅನುಮತಿ ಪಡೆದವನ ಹೆಂಡತಿಗೆ ಒಂದು ದಾರಿ ಇದೆ. 2012ರಿಂದ ಇರುವ ವಿನಾಯಿತಿಯಡಿ ಮೂರು ತಿಂಗಳ ಕಾಲ ಸರ್ಕಾರಿ ನೆರವು ಪಡೆಯಬಹುದು, ಅಷ್ಟರಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 2024ರಿಂದ ಕೆಲಸದ ಮತ್ತು ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ಈ ಮೂರು ತಿಂಗಳು ಸಿಗುತ್ತದೆ, ಕಾಯಂ ವಾಸದ ದಾರಿ ಮಾತ್ರ ಸಿಗುವುದಿಲ್ಲ. ನಮ್ಮ ಐಟಿ ಕುಟುಂಬಗಳ ಹೆಚ್ಚಿನ ಹೆಂಗಸರು ಈ ಎರಡನೆಯ ಸಾಲಿನವರು. ಹೆಂಡತಿಯನ್ನು ರಜೆಗೆಂದು ಊರಿಗೆ ಕರೆತಂದು, ಪಾಸ್‌ಪೋರ್ಟ್ ಕಸಿದುಕೊಂಡು, ತಾನು ಮಾತ್ರ ವಿಮಾನ ಹತ್ತುವ ಗಂಡಂದಿರೂ ಉಂಟು. ಬ್ರಿಟಿಷ್ ಕಾನೂನು ಇದನ್ನೂ ದೌರ್ಜನ್ಯವೆಂದು ಒಪ್ಪಿದೆ. ಹಾಗೆ ಕೈಬಿಡಲ್ಪಟ್ಟವಳು, ಗಂಡ ಅಲ್ಲಿ ನೆಲೆಯೂರಿದವನಾಗಿದ್ದರೆ, ಮರಳಿ ಹೋಗಲು ಅರ್ಜಿ ಹಾಕುವ ಅವಕಾಶವನ್ನು 2024ರಲ್ಲಿ ತೆರೆಯಲಾಗಿದೆ. ಭಾರತದಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯರ ವಿಭಾಗ ಇಂಥ ದೂರು ಸ್ವೀಕರಿಸುತ್ತದೆ.

ಮಗಳನ್ನೋ ತಂಗಿಯನ್ನೋ ಅಲ್ಲಿಗೆ ಕಳಿಸಿರುವವರು ಮೂರು ಸಂಗತಿ ಅವಳಿಗೆ ಮೊದಲೇ ಹೇಳಿಟ್ಟಿರಿ. ಅಲ್ಲಿನ ರಾಷ್ಟ್ರೀಯ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 0808 2000 247, ಹಗಲಿರುಳೂ ಉಚಿತ. ಜೀವಕ್ಕೆ ಅಪಾಯವಿದ್ದರೆ 999. ಪಾಸ್‌ಪೋರ್ಟಿನ, ಮದುವೆ ನೋಂದಣಿಯ, ಮಕ್ಕಳ ಜನನ ಪತ್ರದ ಒಂದೊಂದು ಪ್ರತಿ ನಿಮ್ಮ ಬಳಿಯೂ ಇರಲಿ. ಬ್ರಿಟನ್ನಿನಲ್ಲಿ ಈಗ ವೀಸಾ ಕಾರ್ಡಿನ ಬದಲು ಆನ್‌ಲೈನ್ ಇ-ವೀಸಾ ಬಂದಿದೆ. ಆ ಖಾತೆ ಗಂಡನ ಇಮೇಲ್ ಮತ್ತು ಫೋನ್ ನಂಬರಿನಲ್ಲಿದ್ದರೆ ಅದನ್ನು ಅವಳ ಸ್ವಂತದ್ದಕ್ಕೆ ಬದಲಿಸಿಕೊಳ್ಳುವಂತೆ ಇಂದೇ ಹೇಳಿ.